ನಮ್ಮೂರ ಕಲ್ಲು ಓದಿದ ಪಾದ್ರಿಯ ಮಗ

ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಕೆಎಎಸ್ ಹೀಗೆ ಯಾವ ಪರೀಕ್ಷೆಗೆ ಓದುತ್ತಿದ್ದರೂ ಈ ಎರಡು ಪ್ರಶ್ನೆಗಳು ನಿಮಗೆ ಎದುರಾಗಿಯೇ ಇರುತ್ತವೆ. ಶಾಸನಗಳ ಪಿತಾಮಹ ಯಾರು? ಉತ್ತರ ಅಶೋಕ. ಕನ್ನಡ ಶಾಸನಗಳ ಪಿತಾಮಹ ಯಾರು? ಉತ್ತರ ಬಿ.ಎಲ್. ರೈಸ್. ನನ್ನ ಅಕ್ಕ ಎರಡು ವರ್ಷದಿಂದ ಈ ಪರೀಕ್ಷೆಗಳ ಹಿಂದೆ ಬಿದ್ದಿದ್ದಾಳೆ. ರಾತ್ರಿ ಊಟವಾದ ಮೇಲೆ ಗೈಡ್ ಹಿಡಿದು ಅವಳಿಗೆ ಪ್ರಶ್ನೆ ಕೇಳುವ ಕೆಲಸ ನನ್ನದು. ಒಂದು ದಿನ ಈ ಪ್ರಶ್ನೆ ಬಂದಾಗ ಉತ್ತರ ಹೇಳಿದವಳೇ ತಿರುಗಿ ನನ್ನನ್ನು ಕೇಳಿದಳು: ‘ಹೆಸರು ನೋಡಿದರೆ ಬ್ರಿಟಿಷ್ ಆಫೀಸರ್ ಇದ್ದಂಗಿದೆ. ಅವನಿಗ್ಯಾಕೋ ಬೇಕಿತ್ತು ನಮ್ಮ ಹಳೆಗನ್ನಡ?’

ಗೈಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಒಂದು ಅಂಕದ ಪ್ರಶ್ನೆಗೆ ಅಷ್ಟೆಲ್ಲ ಯಾಕೆ ಎಂದು ಬಿಟ್ಟುಬಿಡಬಹುದಿತ್ತು. ಆದರೆ ನನ್ನ ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ ಶುರುವಾಗಿತ್ತು. ಹುಡುಕುತ್ತಾ ಹೋದಾಗ ಮೊದಲು ಸಿಕ್ಕಿದ್ದೇ ನಾನು ಯೋಚಿಸಿರದ ಸಂಗತಿ. ಆ ಬ್ರಿಟಿಷ್ ಆಫೀಸರ್ ಹುಟ್ಟಿದ್ದು ನಮ್ಮ ಬಿಡದಿಯಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ!

ಪೇಟೆಯ ಮನೆ

ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು 1837ರ ಜುಲೈ 17ರಂದು. ತಂದೆ ಬೆಂಜಮಿನ್ ಹೋಲ್ಟ್ ರೈಸ್ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ. ಅದೇ ವರ್ಷ ಬೆಂಗಳೂರಿಗೆ ಬಂದವರು, 50 ವರ್ಷ ಇಲ್ಲೇ ಕೆಲಸ ಮಾಡಿ 1887ರಲ್ಲಿ ತೀರಿಕೊಂಡರು. ಬೆಂಗಳೂರಿನ ಅವೆನ್ಯೂ ರಸ್ತೆಗೆ ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳಲು ಹೋಗದ ಎಂಜಿನಿಯರಿಂಗ್ ವಿದ್ಯಾರ್ಥಿ ಯಾರಿದ್ದಾರೆ? ಆ ಗದ್ದಲದ ನಡುವೆ ರೈಸ್ ಮೆಮೋರಿಯಲ್ ಚರ್ಚ್ ಇದೆ. ಜತೆಗೆ ಬಂದಿದ್ದ ಗೆಳೆಯ ಒಮ್ಮೆ ಬೋರ್ಡ್ ನೋಡಿ, ‘ಅಕ್ಕಿಗೂ ಚರ್ಚಿಗೂ ಏನಪ್ಪಾ ಸಂಬಂಧ?’ ಎಂದು ನಕ್ಕಿದ್ದ. ಆ ಹೆಸರು ಈ ಪಾದ್ರಿಯದು.

ಆಗಿನ ಬೆಂಗಳೂರು ಎರಡು ಊರು. ಒಂದು ಕೆಂಪೇಗೌಡರು ಕಟ್ಟಿದ ಪೇಟೆ, ಇನ್ನೊಂದು 1809ರಲ್ಲಿ ಶುರುವಾದ ದಂಡು, ಅಂದರೆ ಕಂಟೋನ್ಮೆಂಟ್. ದಂಡಿನಲ್ಲಿ ಸೈನ್ಯ, ಇಂಗ್ಲಿಷರ ಬಂಗಲೆಗಳು, ಸೈನ್ಯದ ಜತೆ ಬಂದ ತಮಿಳು ಕುಟುಂಬಗಳು. ಪೇಟೆಯಲ್ಲಿ ನೇಕಾರರು, ವರ್ತಕರು, ಕನ್ನಡದ ಬದುಕು. 1831ರಲ್ಲಿ ಮೈಸೂರಿನ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡಿದ್ದರು. 1834ರಿಂದ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದರು. ಬೇರೆ ಇಂಗ್ಲಿಷ್ ಮಕ್ಕಳು ದಂಡಿನ ಬೇಲಿಯೊಳಗೇ ಬೆಳೆಯಬಹುದಿತ್ತು. ರೈಸ್ ಮನೆಯ ಮಕ್ಕಳಿಗೆ ಅದು ಸಾಧ್ಯವಿರಲಿಲ್ಲ. ಅಪ್ಪನ ಕೆಲಸವೇ ಕನ್ನಡದವರ ನಡುವೆ. ಅವರು ಕನ್ನಡದಲ್ಲಿ ಉಪದೇಶ ಮಾಡಬೇಕು, ಕನ್ನಡ ಶಾಲೆ ನಡೆಸಬೇಕು. ಕನ್ನಡ ಬೈಬಲ್ ಪರಿಷ್ಕರಣೆಯ ಕೆಲಸದಲ್ಲೂ ಅವರಿದ್ದರು. ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸುವ ಶಾಲೆ ನಡೆಸಲು ಮುಂದಾದ ಮಿಷನರಿ ಮಹಿಳೆಯರಲ್ಲಿ ಲೂಯಿಸ್ ತಾಯಿಯೂ ಒಬ್ಬರು.

ಅಂಥ ಮನೆಯಲ್ಲಿ ಅಪ್ಪ ಅಮ್ಮನ ಭಾಷೆ ಇಂಗ್ಲಿಷ್, ಆದರೆ ಬಾಗಿಲು ದಾಟಿದರೆ ಕನ್ನಡ. ಬಂದುಹೋಗುವ ಉಪಾಧ್ಯಾಯರು, ಅಂಗಡಿಯವರು, ಶಾಲೆಯ ಮಕ್ಕಳು ಎಲ್ಲರದೂ ಕನ್ನಡ. ಮೇಜಿನ ಮೇಲೆ ಅಪ್ಪ ತಿದ್ದುತ್ತಿದ್ದ ಹಾಳೆಗಳೂ ಕನ್ನಡದವೇ. ನಾವು ಎರಡನೇ ಭಾಷೆಯನ್ನು ಪಠ್ಯಪುಸ್ತಕದಿಂದ ಕಲಿಯುತ್ತೇವೆ. ಇಂಥ ಮಕ್ಕಳಿಗೆ ಅದು ಬೀದಿಯಿಂದ ಬರುತ್ತದೆ.

ಹಡಗು ಹತ್ತಿಸುವ ವಯಸ್ಸು

ಪರದೇಶದಲ್ಲಿ ಬೆಳೆದ ಮಿಷನರಿ ಮಕ್ಕಳ ಬಾಲ್ಯದಲ್ಲಿ ಒಂದು ದುಃಖ ಎಲ್ಲ ಕಡೆಯೂ ಒಂದೇ ಥರ ಇರುತ್ತಿತ್ತು. ಓದುವ ವಯಸ್ಸು ಬಂದ ಕೂಡಲೇ ಅಪ್ಪ ಅಮ್ಮನನ್ನು ಬಿಟ್ಟು ‘ಊರಿಗೆ’ ಹೋಗಬೇಕು. ಆ ಊರು ಮಕ್ಕಳಿಗೆ ಗೊತ್ತಿಲ್ಲದ ಊರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯುವ ಮೊದಲು ಆಫ್ರಿಕಾ ಸುತ್ತಿ ಹೋಗುವ ಹಾಯಿಹಡಗು ಇಂಗ್ಲೆಂಡ್ ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದವು. ಒಮ್ಮೆ ಹೋದರೆ ಮತ್ತೆ ಅಮ್ಮನ ಮುಖ ನೋಡುವುದು ಎಷ್ಟೋ ವರ್ಷದ ಮೇಲೆ. ಹೀಗೆ ಬಂದ ಮಕ್ಕಳು ಎಷ್ಟಿದ್ದರೆಂದರೆ, ಮಿಷನರಿಗಳ ಗಂಡುಮಕ್ಕಳಿಗೆಂದೇ 1842ರಲ್ಲಿ ಲಂಡನ್ ಬಳಿಯ ವಾಲ್ತಮ್‌ಸ್ಟೋದಲ್ಲಿ ಒಂದು ವಸತಿ ಶಾಲೆ ತೆರೆಯಬೇಕಾಯಿತು. ಹೆಣ್ಣುಮಕ್ಕಳ ಶಾಲೆ ಅದಕ್ಕೂ ಮೊದಲೇ ಶುರುವಾಗಿತ್ತು.

ಈ ಮಕ್ಕಳು ಯಾವ ಊರಿನವರು? ಹುಟ್ಟಿ ಬೆಳೆದ ಊರಿನವರು ‘ದೊರೆಗಳ ಮಕ್ಕಳು’ ಎಂದು ದೂರ ಇಡುತ್ತಾರೆ. ಅಪ್ಪನ ದೇಶಕ್ಕೆ ಹೋದರೆ ಅಲ್ಲಿನ ಮಕ್ಕಳ ಆಟ, ಮಾತು, ಚಳಿ ಎಲ್ಲವೂ ಹೊಸದು. ಅಮೆರಿಕದ ಕಾದಂಬರಿಗಾರ್ತಿ ಪರ್ಲ್ ಬಕ್ ಮಿಷನರಿ ದಂಪತಿಯ ಮಗಳಾಗಿ ಚೀನಾದಲ್ಲಿ ಬೆಳೆದವರು. ಚೀನೀ ಭಾಷೆ ಅವರಿಗೆ ಇಂಗ್ಲಿಷಿನಷ್ಟೇ ಸಲೀಸು. ಎರಡು ಲೋಕದ ನಡುವೆ ಬೆಳೆದದ್ದನ್ನೇ ಬಂಡವಾಳ ಮಾಡಿಕೊಂಡು ಚೀನಾದ ರೈತರ ಬದುಕು ಬರೆದರು, 1938ರಲ್ಲಿ ನೊಬೆಲ್ ಪಡೆದರು. ಒಲಿಂಪಿಕ್ ಓಟಗಾರ ಎರಿಕ್ ಲಿಡ್ಡೆಲ್ ಕೂಡ ಚೀನಾದಲ್ಲಿ ಹುಟ್ಟಿದ ಮಿಷನರಿ ಮಗ. 1924ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನ ಗೆದ್ದು ಮರುವರ್ಷವೇ ಚೀನಾಕ್ಕೆ ವಾಪಸ್ ಹೋದರು.

ಇದನ್ನು ಓದುವಾಗ ನನಗೆ ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗ ನೆನಪಾದ. ಅವನಿಗೆ ಈಗ ಒಂಬತ್ತು ವರ್ಷ. ಭಾನುವಾರ ವಿಡಿಯೊ ಕಾಲ್‌ನಲ್ಲಿ ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ, ಅವನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ. ಅಜ್ಜಿಗೆ ಅವನ ಮಾತು ತಿಳಿಯುವುದಿಲ್ಲ, ಅವನಿಗೆ ಅಜ್ಜಿಯ ಮಾತು ಪೂರ್ತಿ ತಿಳಿಯುತ್ತದೆ. ಮಧ್ಯೆ ನಾನು ದುಭಾಷಿ. ಮನೆಯಲ್ಲಿ ಒಂದು ಭಾಷೆ, ಹೊರಗೆ ಇನ್ನೊಂದು ಇದ್ದಾಗ ಮಗು ಯಾವುದನ್ನು ಉಳಿಸಿಕೊಳ್ಳುತ್ತದೆ ಎನ್ನುವುದು 1840ರ ಬೆಂಗಳೂರಿಗೆ ಮಾತ್ರ ಸೇರಿದ ವಿಷಯ ಆಗಿರಲಿಲ್ಲ.

ಲೂಯಿಸ್ ರೈಸ್ ಕೂಡ ಓದಿಗಾಗಿ ಇಂಗ್ಲೆಂಡಿಗೆ ಹೋದರು. 1860ರಲ್ಲಿ ವಾಪಸ್ ಬಂದರು. ಆಗ ವಯಸ್ಸು 23ರ ಆಸುಪಾಸು, ಅಂದರೆ ಬಿಇ ಮುಗಿಸಿ ಪ್ಲೇಸ್‌ಮೆಂಟ್‌ಗೆ ಕಾಯುವ ನಮ್ಮ ಸೀನಿಯರ್‌ಗಳ ವಯಸ್ಸು.

ಅಪ್ಪನ ದಾರಿ ಬಿಟ್ಟು

ವಾಪಸ್ ಬಂದದ್ದು ಪಾದ್ರಿಯಾಗಿ ಅಲ್ಲ, ಮೇಷ್ಟರಾಗಿ. 1858ರಲ್ಲಿ ಶುರುವಾಗಿದ್ದ ಬೆಂಗಳೂರು ಹೈಸ್ಕೂಲಿಗೆ ಮುಖ್ಯ ಉಪಾಧ್ಯಾಯ. ಅದೇ ಶಾಲೆ ಮುಂದೆ ಸೆಂಟ್ರಲ್ ಕಾಲೇಜ್ ಆಯಿತು. ಅಣ್ಣ ತಮ್ಮಂದಿರಲ್ಲಿ ಇಲ್ಲಿ ದಾರಿ ಬೇರೆಯಾಯಿತು. ತಮ್ಮ ಎಡ್ವರ್ಡ್ ರೈಸ್ ಅಪ್ಪನಂತೆ ಮಿಷನರಿಯಾದರು. ಆದರೆ ಅವರನ್ನೂ ಕನ್ನಡ ಬಿಡಲಿಲ್ಲ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 1915ರಲ್ಲಿ ಪ್ರಕಟಿಸಿದವರು ಅವರೇ. ಒಂದೇ ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬರು ಕಲ್ಲಿನ ಮೇಲಿನ ಕನ್ನಡಕ್ಕೆ, ಇನ್ನೊಬ್ಬರು ಓಲೆಗರಿಯ ಕನ್ನಡಕ್ಕೆ ಹೋದರು ಎನ್ನಬಹುದು.

ಲೂಯಿಸ್ ಮದುವೆಯಾದದ್ದು ಜಾನ್ ಗ್ಯಾರೆಟ್ ಅವರ ಮಗಳನ್ನು. ಗ್ಯಾರೆಟ್ ಮೊದಲು ವೆಸ್ಲಿಯನ್ ಮಿಷನರಿ, ಬೆಂಗಳೂರಿನ ಮಿಷನ್ ಪ್ರೆಸ್ ನಡೆಸಿದವರು. ಆಮೇಲೆ ಸರ್ಕಾರದ ವಿದ್ಯಾ ಇಲಾಖೆಗೆ ಬಂದವರು. 1840ರ ದಶಕದಲ್ಲೇ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಒಟ್ಟಿಗೆ ಅಚ್ಚು ಹಾಕಿಸಿದ್ದರು. ಪಾದ್ರಿಯೊಬ್ಬರು ಗೀತೆ ಅಚ್ಚು ಹಾಕಿಸುವುದು ನಮಗೆ ವಿಚಿತ್ರ ಅನ್ನಿಸಬಹುದು. ಆದರೆ ಆ ಕಾಲದ ಬೆಂಗಳೂರಿನಲ್ಲಿ ಕನ್ನಡ ಅಚ್ಚಿನ ಕೆಲಸ, ನಿಘಂಟಿನ ಕೆಲಸ, ಶಾಲೆಯ ಕೆಲಸ ಇವೆಲ್ಲ ಹೆಚ್ಚುಕಡಿಮೆ ಇದೇ ಕೆಲವು ಮನೆಗಳ ಸುತ್ತ ನಡೆಯುತ್ತಿತ್ತು.

1865ರಲ್ಲಿ ರೈಸ್ ಶಾಲಾ ಇನ್‌ಸ್ಪೆಕ್ಟರ್ ಆದರು. ಮುಂದೆ ಮೈಸೂರು ಮತ್ತು ಕೊಡಗಿನ ವಿದ್ಯಾ ಇಲಾಖೆಯ ನಿರ್ದೇಶಕರಾದರು. ಅವರು ರೂಪಿಸಿದ ಒಂದು ಯೋಜನೆ ನಮ್ಮಂಥ ಊರಿನವರಿಗೆ ಗೊತ್ತಿರಬೇಕು. ಅದು 1868ರ ಹೋಬಳಿ ಶಾಲೆ ಯೋಜನೆ. ಅಲ್ಲಿಯವರೆಗೆ ಸರ್ಕಾರಿ ಶಾಲೆ ಅಂದರೆ ದೊಡ್ಡ ಪಟ್ಟಣದ ಮಾತು. ಹಳ್ಳಿಯಲ್ಲಿ ಜಗಲಿಯ ಮೇಲೆ ಮರಳು ಹರವಿ ಅಕ್ಷರ ತಿದ್ದಿಸುತ್ತಿದ್ದ ಕೂಲಿಮಠಗಳಷ್ಟೇ ಇದ್ದವು. ಹೋಬಳಿಗೊಂದು ಕನ್ನಡ ಶಾಲೆ ಇರಬೇಕು, ಸಾಧ್ಯವಾದಷ್ಟು ಅಲ್ಲಿನವರನ್ನೇ ಮೇಷ್ಟರು ಮಾಡಬೇಕು ಎನ್ನುವುದು ಯೋಜನೆ. ಬಿಡದಿ ಕೂಡ ಒಂದು ಹೋಬಳಿ. ರೇಷನ್ ಕಾರ್ಡ್, ಪಹಣಿ, ಜಾತಿ ಪ್ರಮಾಣಪತ್ರ ಎಲ್ಲದರಲ್ಲೂ ಬರೆಯುವ ಈ ‘ಹೋಬಳಿ’ ಶಬ್ದದ ಹಿಂದೆ ಹೀಗೊಂದು ಶಾಲೆಯ ಚರಿತ್ರೆಯೂ ಇದೆ ಎಂದು ನನಗೆ ತಿಳಿದದ್ದು ಈ ರಜೆಯಲ್ಲೇ.

ಇನ್‌ಸ್ಪೆಕ್ಟರ್ ಅಂದರೆ ಆಗ ಜೀಪ್ ಇಲ್ಲ. ಬೆಂಗಳೂರು–ಮೈಸೂರು ರೈಲು ಬಂದದ್ದು 1880ರ ದಶಕದ ಶುರುವಿನಲ್ಲಿ. ಅದಕ್ಕೆ ಮೊದಲು ಊರೂರಿಗೆ ಕುದುರೆಯ ಮೇಲೆ ಹೋಗಬೇಕು, ಸಾಮಾನು ಎತ್ತಿನ ಗಾಡಿಯಲ್ಲಿ ಬರಬೇಕು, ತೋಪಿನಲ್ಲೋ ಬಂಗಲೆಯಲ್ಲೋ ತಂಗಬೇಕು. ಶಾಲೆ ನೋಡಲು ಹೋದ ಆ ಮನುಷ್ಯನ ಕಣ್ಣಿಗೆ ಊರೂರಲ್ಲೂ ಬಿದ್ದದ್ದು ಅಕ್ಷರ ಕೊರೆದ ಕಲ್ಲುಗಳು.

ಬರೆದ ಕಲ್ಲು

ಮಾಗಡಿ ಕಡೆಯ ನನ್ನ ಅಜ್ಜಿಯ ಊರಿನಲ್ಲಿ ಕೆರೆ ಏರಿಯ ಪಕ್ಕ ಒಂದು ಕಲ್ಲಿದೆ. ಊರಿನವರು ಅದನ್ನು ಬರೆದ ಕಲ್ಲು ಎನ್ನುತ್ತಾರೆ. ಚಿಕ್ಕವರಿದ್ದಾಗ ಅದರ ಮೇಲೆ ಕೂತು ಸೀಬೆಹಣ್ಣು ತಿನ್ನುತ್ತಿದ್ದೆವು. ಅದರ ಕೆಳಗೆ ನಿಧಿ ಇದೆ, ಯಾರಾದರೂ ಓದಿದರೆ ಅದು ಸಿಗುತ್ತದೆ ಎನ್ನುವ ಕಥೆಯೂ ಇತ್ತು. ಹಳ್ಳಿಯಿಂದ ಬಂದ ಯಾರನ್ನೇ ಕೇಳಿ, ಇಂಥದೊಂದು ಕಲ್ಲಿನ ನೆನಪು ಇದ್ದೇ ಇರುತ್ತದೆ. ಕೆಲವು ಊರಲ್ಲಿ ಅದು ಬಟ್ಟೆ ಒಗೆಯುವ ಕಲ್ಲು, ಕೆಲವು ಕಡೆ ಮೋರಿಗೆ ಹಾಸಿದ ಚಪ್ಪಡಿ, ಕೆಲವು ಕಡೆ ದನ ಕಟ್ಟುವ ಕಂಬ. ಇನ್ನು ಕೆಲವು ಕಡೆ ಅರಿಶಿನ ಕುಂಕುಮ ಹಚ್ಚಿಸಿಕೊಂಡ ದೇವರು.

ಆ ಕಲ್ಲುಗಳಲ್ಲಿ ಏನಿರುತ್ತದೆ? ಹೆಚ್ಚಿನವು ದಾನದ ದಾಖಲೆ. ಇಂಥ ವರ್ಷ, ಇಂಥ ರಾಜನ ಕಾಲದಲ್ಲಿ, ಇಂಥವರು ಈ ದೇವಸ್ಥಾನಕ್ಕೆ ಇಷ್ಟು ಗದ್ದೆ ಕೊಟ್ಟರು, ಅದರ ಗಡಿ ಇಲ್ಲಿಂದ ಇಲ್ಲಿಗೆ. ಕೊನೆಗೆ, ಇದನ್ನು ಅಳಿಸಿದವರಿಗೆ ಕಾಶಿಯಲ್ಲಿ ಗೋವು ಕೊಂದ ಪಾಪ ಬರಲಿ ಎಂಬ ಶಾಪ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಕ್ರಯಪತ್ರ, ಕಾಗದದ ಬದಲು ಕಲ್ಲಿನಲ್ಲಿ. ಇನ್ನು ಕೆಲವು ವೀರಗಲ್ಲುಗಳು. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ದೇವರ ಸನ್ನಿಧಿ ಸೇರಿದ್ದು. ರಾಜರ ವಂಶಾವಳಿಯ ಜತೆಗೆ ಗೌಡ, ಕುಂಬಾರ, ಬಡಗಿ, ಕೆರೆ ಕಟ್ಟಿಸಿದ ಹೆಂಗಸು ಇವರ ಹೆಸರೂ ಅಲ್ಲಿ ಉಳಿದಿದೆ.

ಆದರೆ ಅದನ್ನು ಓದುವವರು ಬೇಕಲ್ಲ. ಸಾವಿರ ವರ್ಷದ ಹಿಂದಿನ ಅಕ್ಷರದ ರೂಪ ಬೇರೆ, ಭಾಷೆ ಹಳೆಗನ್ನಡ. ಬೆಂಗಳೂರು, ಚನ್ನಪಟ್ಟಣ, ಕೋಲಾರದ ಕಡೆ ಚೋಳರ ಆಳ್ವಿಕೆಯ ಕಾಲದ ತಮಿಳು ಶಾಸನಗಳೂ ಬಹಳ. ಮಳೆ ಗಾಳಿಗೆ ಅರ್ಧ ಸವೆದಿರುತ್ತವೆ. ರೈಸ್ ಕಾಲದಲ್ಲಿ ಹಳ್ಳಿಯವರಿಗಂತೂ ಅವು ಯಾರೋ ಹಿರಿಯರು ಬಿಟ್ಟುಹೋದ ಕಲ್ಲುಗಳು ಅಷ್ಟೇ.

ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರದ ಕಡೆಯ ಶಾಸನಗಳ ಫೋಟೊ ತೆಗೆದಿದ್ದರು. ಫೋಟೊ ಏನೋ ಬಂತು, ಓದುವವರು ಯಾರು? ಆ ಕೆಲಸ ಶಾಲಾ ಇಲಾಖೆಯ ರೈಸ್ ಪಾಲಿಗೆ ಬಂತು. ಪಂಡಿತರನ್ನು ಕೂರಿಸಿಕೊಂಡು ಅಕ್ಷರ ಅಕ್ಷರ ಬಿಡಿಸಿ, ಇಂಗ್ಲಿಷಿಗೆ ತಂದು 1879ರಲ್ಲಿ ಪುಸ್ತಕ ಮಾಡಿದರು. ಅದಕ್ಕೆ ಮೊದಲೇ ಮೈಸೂರು ಮತ್ತು ಕೊಡಗಿನ ಗೆಜೆಟಿಯರ್ ಬರೆದು ಮುಗಿಸಿದ್ದರು. ಇವೆಲ್ಲ ಆಫೀಸಿನ ಕೆಲಸದ ಜತೆಜತೆಗೇ. ಶಾಸನ ಓದುವ ಡಿಗ್ರಿ ಅವರ ಬಳಿ ಇರಲಿಲ್ಲ, ಅಂಥ ಡಿಗ್ರಿಯೇ ಆಗ ಇರಲಿಲ್ಲ. 1885ರಲ್ಲಿ ಮೈಸೂರು ಸಂಸ್ಥಾನದಲ್ಲಿ ಪುರಾತತ್ವ ಇಲಾಖೆ ಶುರುವಾದಾಗ ಅದರ ಮೊದಲ ನಿರ್ದೇಶಕರಾದರು. ಆಗ ಅವರಿಗೆ 48 ವರ್ಷ. ಇವತ್ತು ನಾವು ಯಾವ ಕೆಲಸಕ್ಕಾಗಿ ಅವರನ್ನು ನೆನೆಯುತ್ತೇವೋ ಆ ಕೆಲಸದ ಕುರ್ಚಿ ಸಿಕ್ಕಿದ್ದೇ ಆ ವಯಸ್ಸಿನಲ್ಲಿ. ಇಪ್ಪತ್ತೈದಕ್ಕೆ ಕೆಲಸ ಸಿಗದಿದ್ದರೆ ಜೀವನವೇ ಮುಗಿಯಿತು ಎಂದುಕೊಳ್ಳುವ ನಾವು ಇದನ್ನು ಒಮ್ಮೆ ಯೋಚಿಸಬಹುದು.

12 ಸಂಪುಟ, 9 ಸಾವಿರ ಶಾಸನ

ಶಾಸನ ನಕಲು ಮಾಡುವ ವಿಧಾನ ನಮ್ಮ ಲ್ಯಾಬ್ ಪ್ರಯೋಗಗಳಿಗಿಂತ ಚೆನ್ನಾಗಿದೆ. ಮೊದಲು ಕಲ್ಲನ್ನು ತಿಕ್ಕಿ ತೊಳೆಯಬೇಕು. ನೆನೆಸಿದ ಕಾಗದವನ್ನು ಅದರ ಮೇಲೆ ಹಾಸಿ, ಬ್ರಷ್‌ನಿಂದ ಬಡಿದು ಬಡಿದು ಅಕ್ಷರದ ಗುಳಿಯೊಳಗೆ ಇಳಿಸಬೇಕು. ಅರೆ ಒಣಗಿದ ಮೇಲೆ ಮಸಿ ಮೆತ್ತಿದ ಬಟ್ಟೆಯ ಉಂಡೆಯಿಂದ ಮೆಲ್ಲಗೆ ಒತ್ತುತ್ತಾ ಬರಬೇಕು. ಕಲ್ಲಿನ ಮೈ ಕಪ್ಪಾಗುತ್ತದೆ, ಗುಳಿಯಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. ಕಾಗದ ಬಿಡಿಸಿ ತಂದರೆ ಕಲ್ಲನ್ನೇ ಆಫೀಸಿಗೆ ತಂದಂತೆ. ಮಳೆಗಾಲದಲ್ಲಿ ಸಾಧ್ಯವಿಲ್ಲ, ಬಿರುಗಾಳಿಯಲ್ಲೂ ಸಾಧ್ಯವಿಲ್ಲ. ಕಣ್ಣಿನಲ್ಲಿ ನೋಡಿ ಕೈಯಲ್ಲಿ ಬರೆದುಕೊಳ್ಳುವುದೂ ನಡೆಯುತ್ತಿತ್ತು.

ಹೀಗೆ ಹೋಬಳಿ ಹೋಬಳಿ ಸುತ್ತಿ ಸಂಗ್ರಹಿಸಿದ್ದೇ ‘ಎಪಿಗ್ರಾಫಿಯಾ ಕರ್ನಾಟಿಕಾ’. 1886ರಲ್ಲಿ ಕೊಡಗಿನ ಸಂಪುಟ, 1889ರಲ್ಲಿ ಶ್ರವಣಬೆಳಗೊಳದ್ದು, ಆಮೇಲೆ ಜಿಲ್ಲೆಗೊಂದರಂತೆ. 1905ರ ಹೊತ್ತಿಗೆ 12 ಸಂಪುಟ, ಸುಮಾರು 9 ಸಾವಿರ ಶಾಸನಗಳು. ಪ್ರತಿಯೊಂದಕ್ಕೂ ಮೂಲಪಾಠ, ರೋಮನ್ ಅಕ್ಷರದ ರೂಪ, ಇಂಗ್ಲಿಷ್ ಅನುವಾದ. ಕಂಪ್ಯೂಟರ್ ಇಲ್ಲ, ಟೈಪ್‌ರೈಟರ್ ಕೂಡ ಹೊಸದಾಗಿದ್ದ ಕಾಲ.

9ನೇ ಸಂಪುಟ ಬೆಂಗಳೂರು ಜಿಲ್ಲೆಯದು. ಆಗ ನಮ್ಮ ಕಡೆಯೆಲ್ಲ ಅದೇ ಜಿಲ್ಲೆ. ಸ್ಕ್ಯಾನ್ ಮಾಡಿದ ಪ್ರತಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಚನ್ನಪಟ್ಟಣ ಇದೆ, ಮಾಗಡಿ ಇದೆ, ‘ಕಾನಕಾನಹಳ್ಳಿ’ ಎಂಬ ಹಳೆಯ ಹೆಸರಿನಲ್ಲಿ ಕನಕಪುರ ಇದೆ. ರಾಮನಗರ ಆಗಿನ್ನೂ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನ ಕ್ಲೋಸ್‌ಪೇಟೆ. ಬಸ್ಸಿನಲ್ಲಿ ದಿನಾ ಬೋರ್ಡ್ ನೋಡಿ ದಾಟಿ ಹೋಗುವ ಊರುಗಳ ಹೆಸರನ್ನು ನೂರಿಪ್ಪತ್ತು ವರ್ಷದ ಹಿಂದಿನ ಆ ಪುಸ್ತಕದಲ್ಲಿ ಒಂದೊಂದಾಗಿ ನೋಡುತ್ತಾ ಹೋದಾಗ ಆದ ಖುಷಿ ಹೇಳಲಾರೆ. ನೀವೂ ನಿಮ್ಮ ತಾಲ್ಲೂಕಿನ ಸಂಪುಟ ತೆಗೆದು ನೋಡಿ.

ಇದೊಂದೇ ಅಲ್ಲ. ಹಳೆಗನ್ನಡದ ಕೃತಿಗಳನ್ನು ಓಲೆಗರಿಯಿಂದ ಅಚ್ಚಿಗೆ ತರಲು ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆ ಶುರುಮಾಡಿದರು. ಪಂಪ ಭಾರತ 1898ರಲ್ಲಿ ಆ ಮಾಲೆಯಲ್ಲಿ ಬಂತು. ಅದೇ ವರ್ಷ ಕೆ.ಬಿ. ಪಾಠಕ್ ಸಂಪಾದಿಸಿದ ಕವಿರಾಜಮಾರ್ಗವೂ ಬಂತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಇತ್ತು ಎಂದು ನಾವು ರಾಜ್ಯೋತ್ಸವದ ಭಾಷಣದಲ್ಲಿ ಹೇಳುತ್ತೇವಲ್ಲ, ಅದಕ್ಕೆ ಆಧಾರವಾದ ಪುಸ್ತಕ ಅಚ್ಚಿನಲ್ಲಿ ಕೈಗೆ ಸಿಕ್ಕಿದ್ದು ಆಗ.

ಚಪಡನ ಸಹಿ

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು 1892ರ ಸಂಗತಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ರೈಸ್ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಮೌರ್ಯರ ಆಳ್ವಿಕೆ ಕರ್ನಾಟಕದವರೆಗೆ ಬಂದಿತ್ತು ಎನ್ನುವುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಎರಡು ‘ಪಿತಾಮಹ’ರೂ ಒಂದೇ ಬಂಡೆಯ ಮುಂದೆ ಭೇಟಿಯಾದರು ಎಂದು ಅಕ್ಕನಿಗೆ ಹೇಳಿದೆ, ಇನ್ನು ಮೇಲೆ ಅವಳಿಗೆ ಉತ್ತರ ಅದಲುಬದಲು ಆಗುವುದಿಲ್ಲ.

ಆ ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಬರೆದವನ ಹೆಸರು ಚಪಡ. ಕೊನೆಯಲ್ಲಿ ತನ್ನ ಹೆಸರಿನ ಜತೆ ಲಿಪಿಕಾರ ಎಂದು ಹೇಳಿಕೊಳ್ಳುವ ಪದವನ್ನು ಮಾತ್ರ ಅವನು ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದು ಬಳಕೆಯಲ್ಲಿದ್ದದ್ದು ಈಗಿನ ಪಾಕಿಸ್ತಾನದ ಪೆಶಾವರ, ತಕ್ಷಶಿಲೆಯ ಕಡೆ. ಅಂದರೆ ಸುಮಾರು 2,250 ವರ್ಷದ ಹಿಂದೆ ವಾಯವ್ಯದ ಲಿಪಿ ಕಲಿತ ಒಬ್ಬ ಗುಮಾಸ್ತ ಕರ್ನಾಟಕದ ಬಂಡೆಯ ಮುಂದೆ ಕೂತು ಕೆಲಸ ಮುಗಿಸಿ, ಸಹಿಯನ್ನು ಆ ಲಿಪಿಯಲ್ಲಿ ಹಾಕಿದ. ಆ ಸಹಿ ಇರುವ ಕಲ್ಲು ಕೊನೆಗೆ ಹೊರಬಿದ್ದದ್ದು ಎರಡು ಭಾಷೆಯ ನಡುವೆ ಬೆಳೆದ ಇನ್ನೊಬ್ಬ ಸರ್ಕಾರಿ ನೌಕರನಿಂದ.

ಇನ್ನೊಂದು ಮಾತು ನಮ್ಮ ಬ್ರಾಂಚಿನವರಿಗಾಗಿ. ಅಶೋಕ ಎಂಬ ಹೆಸರೇ ಇರುವ ಮಸ್ಕಿ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದ ಸಿ. ಬೀಡನ್ ಒಬ್ಬ ಗಣಿ ಎಂಜಿನಿಯರ್. ಹುಡುಕುತ್ತಿದ್ದದ್ದು ಚಿನ್ನ.

ಪ್ರಶ್ನೆ ಕೇಳಬೇಕಾದ ಜಾಗ

ರೈಸ್ ಅವರನ್ನು ದೇವರು ಮಾಡುವುದು ಬೇಡ. ಅವರು ಆಳುವವರ ಪಕ್ಷದವರು. ಜನಗಣತಿ, ಗೆಜೆಟಿಯರ್ ಇವೆಲ್ಲ ರಾಜ್ಯವನ್ನು ಆಳಲು ಬೇಕಾದ ಸಾಮಗ್ರಿಯೂ ಹೌದು. ಮಿಷನರಿ ಮನೆಗಳು ಕನ್ನಡ ಕಲಿತದ್ದು ಮೊದಲಿಗೆ ಮತಪ್ರಚಾರಕ್ಕಾಗಿಯೇ. ಇದನ್ನು ಮುಚ್ಚಿಟ್ಟು ಕಥೆ ಹೇಳಿದರೆ ಅರ್ಧ ಕಥೆ ಆಗುತ್ತದೆ.

ಓದಿನಲ್ಲೂ ಅವರು ಎಲ್ಲ ಕಡೆ ಸರಿಯಾಗಿರಲಿಲ್ಲ. ಗಂಗ ಅರಸರ ಹಲವು ತಾಮ್ರಪಟಗಳು ನಿಜವಾದವು ಎಂದು ರೈಸ್ ನಂಬಿದರು. ಮುಂಬೈ ಪ್ರಾಂತದ ಅಧಿಕಾರಿ, ದೊಡ್ಡ ಶಾಸನ ವಿದ್ವಾಂಸ ಜೆ.ಎಫ್. ಫ್ಲೀಟ್ ಅವನ್ನು ನಕಲಿ ಎಂದರು. ಚಂದ್ರಗುಪ್ತ ಮೌರ್ಯ ಶ್ರವಣಬೆಳಗೊಳಕ್ಕೆ ಬಂದಿದ್ದ ಎನ್ನುವುದರ ಬಗ್ಗೆಯೂ ಇಬ್ಬರಿಗೂ ಜಗಳ. ವಾದ ವರ್ಷಗಟ್ಟಲೆ ನಡೆಯಿತು. ಕೆಲವು ತಾಮ್ರಪಟಗಳು ನಕಲಿ ಎಂಬುದನ್ನು ಇವತ್ತಿನ ವಿದ್ವಾಂಸರೂ ಒಪ್ಪುತ್ತಾರೆ. ಅವಸರದಲ್ಲಿ ಓದಿದ ಪಾಠಗಳಲ್ಲಿ ತಪ್ಪುಗಳೂ ಇದ್ದವು. ಆದ್ದರಿಂದಲೇ ಮೈಸೂರು ವಿಶ್ವವಿದ್ಯಾಲಯ 1970ರ ದಶಕದಿಂದ ಈ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ತರಲು ಶುರುಮಾಡಿತು.

ಅವರ ಜತೆ ಕೂತು ಓದಿದ ಪಂಡಿತರಿಲ್ಲದೆ ಈ 12 ಸಂಪುಟ ಆಗುತ್ತಿರಲಿಲ್ಲ. ಅಕ್ಷರ ಬಿಡಿಸಿದವರು, ಹಳ್ಳಿ ಸುತ್ತಿ ನಕಲು ತಂದವರು, ಛಂದಸ್ಸು ನೋಡಿ ಸವೆದ ಪದ ಊಹಿಸಿದವರು ಅನೇಕರು. ಆದರೆ ಗೈಡಿನ ಉತ್ತರದಲ್ಲಿ ಒಂದೇ ಹೆಸರಿಗೆ ಜಾಗ. ಅವರ ಸಹಾಯಕರಾಗಿದ್ದ ಆರ್. ನರಸಿಂಹಾಚಾರ್ 1906ರಲ್ಲಿ ರೈಸ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದರು. ಕರ್ನಾಟಕ ಕವಿಚರಿತೆ ಬರೆದವರು ಇವರೇ. ಸಾವಿರ ವರ್ಷದ ಹಿಂದೆಯೇ ಬೆಂಗಳೂರು ಎಂಬ ಹೆಸರಿತ್ತು ಎಂದು ತೋರಿಸುವ ಬೇಗೂರಿನ ವೀರಗಲ್ಲು ಬೆಳಕಿಗೆ ಬಂದದ್ದು ಇವರ ಕಾಲದಲ್ಲಿ.

ಅಕ್ಕನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಕಲ್ಲಿನ ಮೇಲೆ ಕೂತು ಸೀಬೆಹಣ್ಣು ತಿಂದ ನಮಗೆ ಅದು ಯಾವಾಗಲೂ ಅಲ್ಲೇ ಇರುವ ವಸ್ತು, ಅದರಲ್ಲಿ ಏನು ಬರೆದಿದೆ ಎಂದು ಕೇಳಬೇಕು ಅನ್ನಿಸುವುದೇ ಇಲ್ಲ. ಪೂರ್ತಿ ಹೊರಗಿನಿಂದ ಬಂದವರಿಗೆ ಅದರ ಭಾಷೆಯೇ ಗೊತ್ತಿಲ್ಲ. ರೈಸ್ ಎರಡರ ಮಧ್ಯೆ ಇದ್ದವರು. ಇಲ್ಲೇ ಹುಟ್ಟಿದ್ದರಿಂದ ಕನ್ನಡ ಕಿವಿಗೆ ಬಿದ್ದಿತ್ತು, ದೂರ ಹೋಗಿ ಬಂದದ್ದರಿಂದ ಎಲ್ಲವನ್ನೂ ಹೊಸದಾಗಿ ನೋಡುವ ಕಣ್ಣಿತ್ತು. ಇದಕ್ಕೆ ಅವರ ಹುಟ್ಟು ಸ್ವಲ್ಪ ಕಾರಣ, ನಲವತ್ತು ವರ್ಷದ ದುಡಿಮೆ ಬಹಳ ಕಾರಣ. ಕನ್ನಡ ನಮಗೆ ಹುಟ್ಟಿನಿಂದ ಬಂದಿದೆ. ಅದಷ್ಟರಿಂದ ಹಳೆಗನ್ನಡದ ಒಂದು ಸಾಲು ಓದಲು ಬರುತ್ತದೆಯೇ? ನನಗಂತೂ ಬರುವುದಿಲ್ಲ.

ಈಗ ನಮ್ಮ ಸರದಿ

ಇದು ಹಳೆಯ ಕಥೆ ಎಂದು ಬಿಡುವ ಹಾಗಿಲ್ಲ, ಕಲ್ಲುಗಳು ಹೋಗುತ್ತಿವೆ. ಬಿಡದಿಯ ಸುತ್ತ ಕಾರ್ಖಾನೆ ಬಂದವು, ಲೇಔಟ್ ಬಂದವು, ಹೆದ್ದಾರಿ ಅಗಲವಾಯಿತು. ನಮ್ಮೂರಿನ ಎಷ್ಟೋ ಮನೆಯ ಒಲೆ ಉರಿಯುವುದು ಅದರಿಂದಲೇ, ನಾನು ನಾಳೆ ಕೆಲಸ ಕೇಳಿಕೊಂಡು ಹೋಗುವುದೂ ಅಲ್ಲಿಗೇ. ಆದರೆ ಜೆಸಿಬಿಗೆ ಬರೆದ ಕಲ್ಲು, ಬರೆಯದ ಕಲ್ಲು ಎಂಬ ಭೇದ ತಿಳಿಯುವುದಿಲ್ಲ. ನಿಧಿಯ ಆಸೆಗೆ ಅಗೆದು ಒಡೆದವೂ ಇವೆ. ಪುಸ್ತಕದಲ್ಲಿ ನಂಬರ್ ಇದ್ದು ಜಾಗದಲ್ಲಿ ಕಲ್ಲೇ ಇಲ್ಲದ ಶಾಸನಗಳಿಗೆ ರೈಸ್ ಮಾಡಿದ ನಕಲೇ ಈಗ ಮೂಲ.

ಸಮಾಧಾನದ ವಿಷಯವೂ ಇದೆ. ಬೆಂಗಳೂರಿನ ಮಿಥಿಕ್ ಸೊಸೈಟಿ ಕೆಲವು ವರ್ಷಗಳಿಂದ ಬೆಂಗಳೂರು ಸುತ್ತಮುತ್ತಲಿನ ಶಾಸನಗಳನ್ನು ತ್ರೀ–ಡಿ ಸ್ಕ್ಯಾನ್ ಮಾಡಿ ಉಳಿಸುತ್ತಿದೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕಂಪ್ಯೂಟರಿನಲ್ಲಿ ಬೆಳಕಿನ ಕೋನ ಬದಲಾಯಿಸಿದರೆ ಎದ್ದು ಕಾಣುತ್ತದೆ. ಈ ಕೆಲಸಕ್ಕೆ ಇಮೇಜ್ ಪ್ರೊಸೆಸಿಂಗ್ ಗೊತ್ತಿರುವವರು ಬೇಕು, ಸಾಫ್ಟ್‌ವೇರ್ ಬರೆಯುವವರು ಬೇಕು, ಜತೆಗೆ ಹಳೆಗನ್ನಡ ಬಲ್ಲವರೂ ಬೇಕು. ಫೈನಲ್ ಇಯರ್ ಪ್ರಾಜೆಕ್ಟಿಗೆ ಅದೇ ಪಾರ್ಕಿಂಗ್ ಸೆನ್ಸರ್, ಅದೇ ಅಟೆಂಡೆನ್ಸ್ ಆ್ಯಪ್ ಮಾಡುವ ಬದಲು ಇಂಥದ್ದೊಂದು ಯಾಕೆ ಆಗಬಾರದು? ನಮ್ಮ ತಂಡದ ಮೂವರು ಒಪ್ಪಿದ್ದಾರೆ, ನಾಲ್ಕನೆಯವನು ರೆಸ್ಯೂಮೆಗೆ ಲಾಭ ಇದೆಯಾ ಎಂದು ಕೇಳುತ್ತಿದ್ದಾನೆ. ಅವನ ಪ್ರಶ್ನೆಯೂ ಸುಳ್ಳಲ್ಲ.

ಅಷ್ಟೂ ಆಗದಿದ್ದರೆ ಇನ್ನೂ ಸುಲಭದ ಕೆಲಸ ಒಂದಿದೆ. ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮೂರಿನ ಬರೆದ ಕಲ್ಲಿನ ಹತ್ತಿರ ಹೋಗಿ. ಸುಣ್ಣ, ಬಣ್ಣ ಬಳಿಯಬೇಡಿ, ಚೂಪಾದ ವಸ್ತುವಿನಿಂದ ಕೆರೆಯಬೇಡಿ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೊ ತೆಗೆಯಿರಿ, ಜಾಗದ ಲೊಕೇಶನ್ ಗುರುತು ಮಾಡಿಕೊಳ್ಳಿ. ರೈಸ್ ಸಂಪುಟದಲ್ಲಿ ಆ ಊರಿನ ಹೆಸರು ಹುಡುಕಿ. ಸಿಕ್ಕರೆ ಊರಿನ ಹಿರಿಯರಿಗೆ ಓದಿ ಹೇಳಿ. ಅಲ್ಲಿರುವುದು ನಿಧಿಯ ಗುರುತಲ್ಲ, ನಮ್ಮ ಕೆರೆ ಕಟ್ಟಿಸಿದವರ ಹೆಸರು ಎಂದು ತಿಳಿದರೆ ಯಾರೂ ಅದನ್ನು ಸುಲಭವಾಗಿ ಒಡೆಯಲಾರರು.

ರೈಸ್ ನಿವೃತ್ತಿಯ ನಂತರ ಇಂಗ್ಲೆಂಡಿಗೆ ಹೋದರು. ಅಲ್ಲಿಯೂ ಕೈ ಕಟ್ಟಿ ಕೂರಲಿಲ್ಲ. ಶಾಸನಗಳಿಂದ ತಿಳಿದ ಮೈಸೂರು, ಕೊಡಗಿನ ಇತಿಹಾಸವನ್ನು ಒಂದೇ ಪುಸ್ತಕದಲ್ಲಿ ಬರೆದು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. 1927ರ ಜುಲೈ 10ರಂದು ಹ್ಯಾರೋದಲ್ಲಿ ತೀರಿಕೊಂಡರು. 90 ತುಂಬಲು ಒಂದು ವಾರ ಬಾಕಿ ಇತ್ತು. ತಂದೆಯ ಹೆಸರಿನ ಚರ್ಚ್ ಅವೆನ್ಯೂ ರಸ್ತೆಯಲ್ಲಿದೆ. ಮಗನ 12 ಸಂಪುಟಗಳು ನಮ್ಮ ಮೊಬೈಲಿನಲ್ಲೇ ತೆರೆಯುತ್ತವೆ. ಅದರಲ್ಲಿ ನಮ್ಮ ಊರುಗಳಿವೆ.